ಹನ್ನೆರಡನೆಯ ಮರೆ

ದಾರಿ ಕೇಳಿದರೆ ಯಾರಿಗೂ ಹೇಳಲು ಬಾರದ, ಆದರೆ ಹೋಗಿ ನಿಂತವರಿಗೆಲ್ಲ ಹಿಂದೆಂದೋ ಬಂದಿದ್ದೆವಲ್ಲ ಅನ್ನಿಸುವ ಒಂದು ಊರಿತ್ತು. ಆ ಊರಿನ ಮನೆಗಳಿಗೆ ಒಳಗೋಡೆ ಇರಲಿಲ್ಲ. ಅಂಗಳಗಳಲ್ಲಿ ಮರ ಇರಲಿಲ್ಲ. ಬೀದಿಗಳಿಗೆ ತಿರುವು ಇರಲಿಲ್ಲ. ಈ ತುದಿಯಲ್ಲಿ ಒಬ್ಬ ಸೀನಿದರೆ ಆ ತುದಿಯವರು ಕತ್ತೆತ್ತಿ ನೋಡಿ, ಸೀನಿದ್ದು ಯಾರೆಂದು ಹೇಳಿಬಿಡುತ್ತಿದ್ದರು.

ಇಷ್ಟಕ್ಕೆಲ್ಲ ಕಾರಣ ಒಂದೇ ಒಂದು ಕಟ್ಟಳೆ. ಕಾಯಿಲೆ ಬಿದ್ದ ಮಗುವಿನ ಮೇಲಿಂದ ಕಣ್ಣು ತೆಗೆಯಬಾರದು. ಯಾರಾದರೊಬ್ಬರು ನೋಡುತ್ತಿರುವಷ್ಟು ಹೊತ್ತು ಮಗುವಿಗೆ ಏನೂ ಆಗುವುದಿಲ್ಲ, ನೋಟ ತಪ್ಪಿದ ಗಳಿಗೆಯಲ್ಲಿ ಸಾವು ಬಂದು ಎತ್ತಿಕೊಂಡು ಹೋಗುತ್ತದೆ ಎಂದು ಆ ಊರು ನಂಬಿತ್ತು. ಆದ್ದರಿಂದ ತಾಯಿ ನೀರಿಗೆ ಹೋಗಬೇಕಾದರೆ ಮಗುವನ್ನೇ ದಿಟ್ಟಿಸುತ್ತಾ "ಕಣ್ಣು ಕೊಟ್ಟೆ" ಅನ್ನುತ್ತಿದ್ದಳು. ಪಕ್ಕದಲ್ಲಿ ನಿಂತವರು ಮಗುವಿನ ಮೇಲೆ ನೋಟ ನೆಟ್ಟು "ಕಣ್ಣು ಹಿಡಿದೆ" ಅನ್ನುತ್ತಿದ್ದರು. ಆಮೇಲಷ್ಟೇ ತಾಯಿ ಆಚೆ ತಿರುಗಬಹುದಿತ್ತು. ಕಣ್ಣು ಕೊಟ್ಟೆ, ಕಣ್ಣು ಹಿಡಿದೆ. ಬೆಳಗ್ಗೆ, ಮಧ್ಯಾಹ್ನ, ಬೈಗು, ಮತ್ತೆ ಬೆಳಗ್ಗೆ. ಆ ಊರಿನ ತಾಯಂದಿರ ಕಣ್ಣು ಈರುಳ್ಳಿ ಹೆಚ್ಚಿದವರ ಕಣ್ಣಿನಂತೆ ವರ್ಷವಿಡೀ ಕೆಂಪಗಿರುತ್ತಿತ್ತು.

ಆ ಊರಿನಲ್ಲಿ ನೆಲದಮ್ಮ ಎಂಬ ಮುದುಕಿಯಿದ್ದಳು. ಬರಿಯ ಬಯಲನ್ನು ಏರಿಸಿ, ಇಳಿಸಿ, ದಾರಿ ತೋಡಿ, ಗಿಡ ನೆಟ್ಟು, ಮನುಷ್ಯರು ಕಾಲೂರುವಂಥ ಜಾಗ ಮಾಡಿಕೊಡುವುದು ಅವಳ ಕಸುಬು. ಗುದ್ದಲಿ ಮುಟ್ಟುವ ಮೊದಲು ಅವಳು ಒಂದು ಅಗಲವಾದ ಹಿತ್ತಾಳೆ ತಟ್ಟೆಯಲ್ಲಿ ಒದ್ದೆ ಮರಳು ಹರಡುವಳು. ಹೆಬ್ಬೆರಳಿನಿಂದ ಒತ್ತಿ ಬಯಲಿನ ಉಬ್ಬುತಗ್ಗನ್ನೆಲ್ಲ ಅದರಲ್ಲಿ ಮೂಡಿಸುವಳು. ಕೊನೆಗೆ ಒಂದು ರಾಗಿಕಾಳನ್ನು ಮರಳಿನ ಮೇಲಿಟ್ಟು, ಅದೇ ಮಗು ಎಂದುಕೊಂಡು, ತಟ್ಟೆಯ ಅಂಚಿಗೆ ಕಣ್ಣು ತಂದು ಸುತ್ತಲೂ ನೋಡುವಳು. ಯಾವ ಕಡೆಯಿಂದ ನೋಡಿದರೂ ಕಾಳು ಕಾಣಬೇಕು. ಒಂದು ಕಡೆಯಿಂದ ಮರೆಯಾದರೂ ಮರಳನ್ನೆಲ್ಲ ಅಳಿಸಿ ಮತ್ತೆ ಮೊದಲಿನಿಂದ ಶುರು.

ಒಂದು ವರ್ಷ ಬೇಸಿಗೆಯ ಧಗೆ ಕಾಯಿಲೆಯ ಮಕ್ಕಳಿಗೆ ತಡೆಯದಂತಾಯಿತು. ಊರಿನ ಯಜಮಾನರು ನೆಲದಮ್ಮನನ್ನು ಕರೆಸಿ, "ಹೊಳೆಯಾಚೆಯ ಬಯಲಲ್ಲಿ ಗಾಳಿ ತಂಪಾಗಿದೆ. ಎರಡು ತಿಂಗಳು ಮಕ್ಕಳನ್ನೂ ತಾಯಂದಿರನ್ನೂ ಅಲ್ಲಿಡೋಣ ಅಂತಿದೀವಿ. ಒಂದು ಬೇಸಿಗೆ ಶಿಬಿರ. ಜಾಗ ನೀವು ಮಾಡಿಕೊಡಬೇಕು," ಎಂದರು.

ನೆಲದಮ್ಮ ಜೀವ ತೇದು ಕೆಲಸ ಮಾಡಿದಳು. ಮಕ್ಕಳಿಗೆ ಬೇಗ ಏದುಸಿರು ಬರುತ್ತದೆಂದು ಇಪ್ಪತ್ತು ಹೆಜ್ಜೆಗೊಂದು ಕಲ್ಲುಕಟ್ಟೆ ಕಟ್ಟಿಸಿದಳು. ಗಾಲಿ ಕುರ್ಚಿಗಳು ಹೋಗಲೆಂದು ದಾರಿಗೆ ಜೇಡಿಮಣ್ಣು ಬಡಿಸಿ ನುಣುಪು ಮಾಡಿಸಿದಳು. ಔಷಧಿ ಕುಡಿದ ಮಕ್ಕಳಿಗೆ ಗಾಢವಾದ ಪರಿಮಳ ಆಗದು, ಹೊಟ್ಟೆ ತೊಳೆಸುತ್ತದೆ. ಅದಕ್ಕೇ ಮಲ್ಲಿಗೆ ಸಂಪಿಗೆಯ ಗೋಜಿಗೆ ಹೋಗದೆ ಕಾಲುವೆಯ ಪಕ್ಕದ ತೆಳು ಹುಲ್ಲನ್ನಷ್ಟೇ ತಂದು ಹಾಸಿದಳು. ತಾಯಂದಿರ ಕಟ್ಟೆಗೆ ನೆರಳಾಗಲೆಂದು ಒಂದೇ ಒಂದು ಹೊಂಗೆಮರ ಉಳಿಸಿ, ಅದರ ಕೆಳಗಿನ ಕೊಂಬೆಯೆಲ್ಲ ಸವರಿಸಿದಳು. ಕೆಲಸ ಮುಗಿದಾಗ ಬಯಲು ಒಂದು ದೊಡ್ಡ ಹರಿವಾಣದಂತಿತ್ತು. ಅಲ್ಲಿ ಅಳಿಲು ಕೂಡ ಅಡಗಲಾರದು ಎಂದು ಯಜಮಾನರು ಬೆನ್ನು ತಟ್ಟಿದರು. ನೆಲದಮ್ಮ ಆ ದಿನ ನೆಮ್ಮದಿಯಿಂದ ಉಂಡಳು.

ಮಕ್ಕಳು ಬಂದರು. ಕೆಲವರು ನಡೆದು, ಕೆಲವರು ಗಾಲಿ ಕುರ್ಚಿಯಲ್ಲಿ, ಕೆಲವರು ಸೊಂಟದ ಮೇಲೆ, ಒಟ್ಟು ಇಪ್ಪತ್ತು ಮಂದಿ. ಅವರಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗಿ ಆ ಬಿರುಬೇಸಿಗೆಯಲ್ಲೂ ಕೆಂಪು ಉಣ್ಣೆಯ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡಿದ್ದಳು. ಔಷಧಿ ಅವಳ ಕೂದಲನ್ನೆಲ್ಲ ತೆಗೆದುಕೊಂಡಿತ್ತು. ಎಲ್ಲರೂ ಅವಳನ್ನು ಟೋಪಿ ಹುಡುಗಿ ಎಂದೇ ಕರೆದರು. ಅವಳ ತಾಯಿ ಮೂರು ವರ್ಷದಿಂದ ಒಟ್ಟಿಗೆ ಒಂದು ತಾಸು ನಿದ್ದೆ ಮಾಡಿದವಳಲ್ಲ. ಕಣ್ಣು ಕೊಟ್ಟರೂ ಅವಳಿಗೆ ಕೊಟ್ಟೆ ಅನ್ನಿಸುತ್ತಿರಲಿಲ್ಲ.

ಮೊದಲ ದಿನ ಮಕ್ಕಳು ಕಣ್ಣಾಮುಚ್ಚಾಲೆ ಆಡಲು ಹೊರಟರು. ಒಬ್ಬಳು ಕಣ್ಣು ಮುಚ್ಚಿ ಎಣಿಸಿದಳು. ಉಳಿದವರು ಅಡಗಲು ಅತ್ತ ಓಡಿದರು, ಇತ್ತ ಓಡಿದರು, ಕೊನೆಗೆ ಎಲ್ಲೆಲ್ಲಿ ಇದ್ದರೋ ಅಲ್ಲಲ್ಲೇ ಕುಕ್ಕರುಗಾಲಲ್ಲಿ ಕುಳಿತು ಮುಖ ಮುಚ್ಚಿಕೊಂಡರು. ಎಣಿಸಿದವಳು ಕಣ್ಣು ತೆರೆದಳು, ಬೆರಳು ತೋರಿಸಿದಳು, ಆಟ ಮುಗಿಯಿತು. ಎರಡನೆಯ ದಿನವೂ ಹಾಗೇ ಆಯಿತು. ಮೂರನೆಯ ದಿನ ಯಾರೂ ಆಟದ ಮಾತೆತ್ತಲಿಲ್ಲ. ಮಕ್ಕಳು ಹುಲ್ಲಿನ ಮೇಲೆ ಕುಳಿತರು, ತಾಯಂದಿರು ಕಟ್ಟೆಯ ಮೇಲೆ ಕುಳಿತು ನೋಡಿದರು.

ಟೋಪಿ ಹುಡುಗಿ ತಾಯಿಯ ಕಣ್ಣಳತೆಯಲ್ಲೇ ನಡೆದು ನೆಲದಮ್ಮನ ಗುಡಾರದ ಮುಂದೆ ಬಂದು ನಿಂತಳು.

"ಅಜ್ಜಿ, ಈ ಬಯಲು ಮಾಡಿದ್ದು ನೀನೇನಾ?"

"ನಾನೇ ಕಣೇ. ಚೆನ್ನಾಗಿಲ್ವಾ?"

"ನಾವು ತಟ್ಟೇಲಿರೋ ಅನ್ನದ ಥರ ಇದೀವಿ. ಎಲ್ಲರೂ ನೋಡ್ತಾನೇ ಇರ್ತಾರೆ."

"ನೋಡ್ದೇ ಇದ್ರೆ ಹೆಂಗೆ ಮಗಾ? ನಿಮ್ಮ ಒಳ್ಳೇದಕ್ಕಲ್ವಾ?"

"ಸ್ನಾನ ಮಾಡೋವಾಗ ನೋಡ್ತಾರೆ. ವಾಂತಿ ಮಾಡೋವಾಗ ನೋಡ್ತಾರೆ. ಅಳೋಣ ಅಂದ್ರೆ ಅದಕ್ಕೂ ಮುಂಚೆ ಅಮ್ಮ ಅಳ್ತಾಳೆ." ಹುಡುಗಿ ಅಜ್ಜಿಯ ಮುಂದಿದ್ದ ಮರಳಿನ ತಟ್ಟೆಯ ಪಕ್ಕ ಕುಳಿತಳು. "ನಂಗೆ ಯಾರಿಗೂ ಕಾಣದೇ ಇರೋ ಒಂದು ಜಾಗ ಬೇಕು ಅಜ್ಜಿ. ಇಷ್ಟೇ ಇಷ್ಟು."

ಹೀಗೆಂದು ಅವಳು ಮರಳಿನಲ್ಲಿ ಬೆರಳೂರಿ ಒಂದು ಗುಳಿ ಮಾಡಿದಳು. ರಾಗಿಕಾಳನ್ನು ಅದರೊಳಕ್ಕೆ ನೂಕಿ ಮೇಲೆ ಮರಳು ಸವರಿದಳು. "ಈಗ ಹುಡುಕು," ಎಂದು ನಕ್ಕಳು.

ನೆಲದಮ್ಮ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಎರಡೂ ಕೈಯಿಂದ ಮರಳು ಕೆದಕಿದಳು. ಕಾಳು ಸಿಗಲಿಲ್ಲ. ಮತ್ತೆ ಕೆದಕಿದಳು, ಹಣೆಯಲ್ಲಿ ಬೆವರು ಒಡೆಯಿತು. "ಎಲ್ಲಿ ಹೋಗುತ್ತೆ ಅಜ್ಜಿ, ತಟ್ಟೆ ಒಳಗೇ ಇದೆಯಲ್ಲ," ಎಂದು ಹುಡುಗಿ ಸಮಾಧಾನ ಹೇಳಿದರೆ ಮುದುಕಿ ಸಿಡುಕಿದಳು. "ತಲೆಹರಟೆ ಮಾಡ್ಬೇಡ. ಹೋಗು, ನಿಮ್ಮಮ್ಮನ ಕಣ್ಣೆದುರು ಕೂತ್ಕೋ ಹೋಗು."

ಹುಡುಗಿ ಹೋದಳು. ಮುದುಕಿ ಒಬ್ಬಳೇ ತಟ್ಟೆಯ ಮುಂದೆ ಕುಳಿತಳು. ಅವಳು ಹತ್ತು ವರ್ಷದವಳಿದ್ದಾಗ ಅವಳಿಗೊಬ್ಬ ತಮ್ಮನಿದ್ದ, ಹಾಸಿಗೆ ಹಿಡಿದಿದ್ದ. ಒಂದು ಮಧ್ಯಾಹ್ನ ಅವ್ವ ಅವಳಿಗೆ ಕಣ್ಣು ಕೊಟ್ಟು ಬಟ್ಟೆ ಒಗೆಯಲು ಹೋಗಿದ್ದಳು. ಬಾಗಿಲಾಚೆ ಆಕಾಶದಲ್ಲಿ ಒಂದು ಹಳದಿ ಗಾಳಿಪಟ ಏರಿತು. ಅವಳು ನೋಡಿದಳು. ಗಾಳಿಪಟ ಒಂದು ಸಲ ಬಳುಕಿ ಮೇಲಕ್ಕೆ ಹೋಯಿತು, ಅಷ್ಟೇ ಹೊತ್ತು. ತಿರುಗಿ ನೋಡುವಷ್ಟರಲ್ಲಿ ತಮ್ಮ ಹೋಗಿಬಿಟ್ಟಿದ್ದ. ಯಾರಿಗೂ ಅವಳು ಗಾಳಿಪಟದ ಸುದ್ದಿ ಹೇಳಲಿಲ್ಲ. ದೊಡ್ಡವಳಾಗಿ ಊರಿನ ಮರಗಳನ್ನು ಕಡಿಸಿದವಳು, ಬೀದಿಯ ತಿರುವುಗಳನ್ನು ನೆಟ್ಟಗೆ ಮಾಡಿಸಿದವಳು ಅವಳೇ.

ಅಂದಿನಿಂದ ಟೋಪಿ ಹುಡುಗಿ ಊಟ ಬಿಟ್ಟಳು. ಹಟದಿಂದಲ್ಲ, ಮುನಿಸಿನಿಂದಲೂ ಅಲ್ಲ. ತುತ್ತು ಬಾಯಿಗಿಟ್ಟರೆ ನುಂಗುವುದನ್ನೇ ಮರೆತವಳಂತೆ ಕುಳಿತಿರುತ್ತಿದ್ದಳು. ಶಿಬಿರದ ಪಂಡಿತರು ನಾಡಿ ನೋಡಿ ತಾಯಿಯನ್ನು ಕರೆದರು. "ಶನಿವಾರದವರೆಗೆ ಕಾಯೋಣ ತಾಯಿ. ಅಷ್ಟರೊಳಗೆ ಏನಾದರೂ ತಿಂದರೆ ಸರಿ. ಇಲ್ಲದಿದ್ದರೆ ಮನೆಗೆ ಕರಕೊಂಡು ಹೋಗಿಬಿಡಿ," ಎಂದರು. ಮನೆಗೆ ಎಂದರೆ ಏನರ್ಥವೆಂದು ತಾಯಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಾಳು ಮರಳು ಸೇರಿದ ಐದನೆಯ ದಿನ ಬೆಳಗ್ಗೆ ನೆಲದಮ್ಮ ರೂಢಿಯಂತೆ ತಟ್ಟೆಯ ಮರಳಿಗೆ ನೀರು ಚಿಮುಕಿಸಲು ಹೋದಳು. ಮರಳಿನಿಂದ ಉಗುರಿನಷ್ಟು ಉದ್ದದ ಒಂದು ಹಸಿರು ಮೊಳಕೆ ತಲೆಯೆತ್ತಿತ್ತು. ಮುದುಕಿ ತಟ್ಟೆಯ ಮುಂದೆ ಕುಕ್ಕರಿಸಿದಳು. ಎಲ್ಲ ಕಡೆಯಿಂದಲೂ ಕಾಣುತ್ತಿದ್ದ ಅವಳ ಕಾಳುಗಳಲ್ಲಿ ಒಂದಾದರೂ ಮೊಳೆತದ್ದುಂಟೇ? ನಲವತ್ತು ವರ್ಷದಲ್ಲಿ ಒಂದೂ ಇಲ್ಲ. ಒಣಗಿದ್ದವು, ಇರುವೆಯ ಪಾಲಾಗಿದ್ದವು, ಗಾಳಿಗೆ ಹಾರಿದ್ದವು. ಅವಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಆಮೇಲೆ ತಟ್ಟೆಯನ್ನು ಸೊಂಟಕ್ಕಿಟ್ಟುಕೊಂಡು ತಾಯಂದಿರ ಕಟ್ಟೆಗೆ ಹೋದಳು. ಯಜಮಾನರೂ ಅಲ್ಲಿದ್ದರು.

"ಈ ಬಯಲು ಕೆಟ್ಟಿದೆ. ನಾನೇ ಕೆಡಿಸಿದೀನಿ," ಎಂದಳು ನೆಲದಮ್ಮ. "ಅಗೀಬೇಕು. ಗುಡ್ಡೆ ಹಾಕ್ಬೇಕು, ಹಳ್ಳ ತೋಡ್ಬೇಕು, ಬಳ್ಳಿ ಹಬ್ಬಿಸ್ಬೇಕು. ಮಕ್ಕಳು ಅಡಗಿಕೊಳ್ಳೋಕೆ."

"ತಲೆ ನೆಟ್ಟಗಿದೆಯಾ ನಿಮಗೆ?" ಯಜಮಾನರು ಎದ್ದು ನಿಂತರು. "ಮಕ್ಕಳನ್ನ ನಾವೇ ಕೈಯಾರೆ ಮರೆಗೆ ತಳ್ಳೋದಾ?"

ತಾಯಂದಿರು ಒಂದೇ ಸಮನೆ ಗದ್ದಲ ಎಬ್ಬಿಸಿದರು. ಗದ್ದಲ ಮಾಡುವಾಗಲೂ ಒಬ್ಬರ ನೋಟವೂ ಮಕ್ಕಳ ಮೇಲಿಂದ ಕದಲಲಿಲ್ಲ. ಹಾಗಾಗಿ ನೆಲದಮ್ಮನಿಗೆ ಬೈದದ್ದೆಲ್ಲ ಹುಲ್ಲಿಗೆ ಬೈದಂತಿತ್ತು.

ಟೋಪಿ ಹುಡುಗಿಯ ತಾಯಿ ಮಾತ್ರ ಪಕ್ಕದವಳಿಗೆ, "ಕಣ್ಣು ಕೊಟ್ಟೆ ಅಕ್ಕ," ಎಂದಳು. ಪಕ್ಕದವಳು ತಬ್ಬಿಬ್ಬಾಗಿ "ಕಣ್ಣು ಹಿಡಿದೆ" ಎಂದಳು. ತಾಯಿ ಹೋಗಿ ಗುಡಾರದ ಹಿಂದಿದ್ದ ಗುದ್ದಲಿ ತಂದಳು.

"ಎಲ್ಲಿ ಅಗೀಲಿ ಹೇಳಿ ಅಮ್ಮಾ," ಎಂದಳು. "ನೋಡಿ ನೋಡಿ ಸಾಕಾಗಿದೆ ನಂಗೆ. ನಾನು ನೋಡ್ತಿದ್ದ ಹಾಗೇ ಕರಗ್ತಾ ಇದಾಳೆ ನನ್ನ ಮಗಳು."

ಯಜಮಾನರು ಅಂಗಿಯ ತೋಳು ಮಡಚಿದರು.

ಬಯಲು ಅವರ ಕೈಗೆ ಸುಲಭವಾಗಿ ಬಂತು, ಬಹಳ ದಿನದಿಂದ ಮಗ್ಗುಲು ಬದಲಿಸಲು ಕಾದಿದ್ದಂತೆ. ಒಂದು ಕಡೆ ತೋಡಿದ ಮಣ್ಣು ಇನ್ನೊಂದು ಕಡೆ ದಿಬ್ಬವಾಯಿತು. ನೆಟ್ಟಗಿದ್ದ ದಾರಿಗೆ ಬಾಗು ಬಂತು. ಆ ಊರಿನವರು ಬಾಗಿದ ದಾರಿ ಕಂಡು ಎಷ್ಟು ಕಾಲವಾಗಿತ್ತೆಂದರೆ, ಇಬ್ಬರು ತಾಯಂದಿರು ಅದರಲ್ಲಿ ಸುಮ್ಮನೆ ಹೋಗಿ ಬಂದು ಮತ್ತೆ ಹೋದರು. ಬಯಲಿನ ಅಂಚಿಗೆ ಜೋಳ ಬಿತ್ತಿದರು, ಬಿದಿರ ತಡಿಕೆಗೆ ಅವರೆಯನ್ನೂ ಕುಂಬಳವನ್ನೂ ಹಬ್ಬಿಸಿದರು. ಬಳ್ಳಿಗಳು ಮೊದಲ ದಿನ ಬೆಳೆಯಲಿಲ್ಲ, ಎಲ್ಲರೂ ನೋಡುತ್ತಿದ್ದರಲ್ಲ. ದಣಿದ ತಾಯಂದಿರು ಅಗೆಯುವ ಕಡೆ ಬಗ್ಗಿದಾಗ, ಹಣೆಯ ಬೆವರು ಒರೆಸಿಕೊಳ್ಳುವಾಗ, ಆ ಕಣ್ಣು ತಪ್ಪಿದ ಗಳಿಗೆಗಳಲ್ಲಿ ಮೊಳ ಮೊಳ ಏರಿಬಿಟ್ಟವು. ಶುಕ್ರವಾರದ ಹೊತ್ತಿಗೆ ನೆಲದಮ್ಮನ ಲೆಕ್ಕದಲ್ಲಿ ಹನ್ನೊಂದು ಮರೆಗಳಾಗಿದ್ದವು. ಗಾಲಿ ಕುರ್ಚಿ ಸಲೀಸಾಗಿ ನುಗ್ಗುವ ಕುಂಬಳದ ಸುರಂಗ ಒಂದು. ಮಲಗಿಯೇ ಇರಬೇಕಾದ ಮಗುವಿಗೆ ಹುಲ್ಲುಹಾಸಿನ ತಗ್ಗು ಒಂದು. ಎಲ್ಲವೂ ಮಕ್ಕಳ ಅಳತೆಯವು. ದೊಡ್ಡವರು ನಿಂತು ಒಳಗೆ ಹೋಗುವಂತಿರಲಿಲ್ಲ.

ಶನಿವಾರ ಮುಂಜಾನೆ ಮಕ್ಕಳೆಲ್ಲ ಹೊಂಗೆಮರದ ಕೆಳಗೆ ಸೇರಿದರು. ಹುಡುಕುವ ಸರದಿ ನೆಲದಮ್ಮನದು. ಅವಳು ಎಣಿಸುವಾಗ ತಾಯಂದಿರೂ ಕಣ್ಣು ಮುಚ್ಚಬೇಕು. ಅಲ್ಲಿಗೆ ಬಂದು ಎಲ್ಲವೂ ನಿಂತಿತು.

"ಯಾರಿಗೆ ಕೊಡ್ಲಿ ಕಣ್ಣು?" ಎಂದಳು ಟೋಪಿ ಹುಡುಗಿಯ ತಾಯಿ. "ಎಲ್ಲರೂ ಮುಚ್ಚಿದ್ರೆ ಹಿಡಿಯೋರು ಯಾರು? ಕೊಡದೇ ಮುಚ್ಚೋಕೆ ನನ್ನ ಕೈಲಾಗಲ್ಲ."

ಮಗಳು ತಾಯಿಯ ಮುಂದೆ ಬಂದು ನಿಂತಳು. ಟೋಪಿ ಸರಿಮಾಡಿಕೊಂಡಳು.

"ನಂಗೆ ಕೊಡು."

"ನಿಂಗಾ?"

"ನಂಗೇ. ಯಾರಾದ್ರೂ ಹಿಡಿದ್ರೆ ಆಯ್ತಲ್ವಾ? ನಾನು ನೋಡ್ತೀನಿ."

ಕಟ್ಟಳೆಯಲ್ಲಿ ಹೀಗೆ ಮಾಡಬಾರದೆಂದು ಎಲ್ಲೂ ಇರಲಿಲ್ಲ. ಹೀಗೂ ಮಾಡಬಹುದೆಂದು ಯಾರಿಗೂ ಹೊಳೆದೂ ಇರಲಿಲ್ಲ. ತಾಯಿ ಮಗಳ ಮುಖವನ್ನು ಹಣೆಯಿಂದ ಗಲ್ಲದವರೆಗೆ ಒಮ್ಮೆ ನೋಡಿದಳು.

"ಕಣ್ಣು ಕೊಟ್ಟೆ," ಎಂದಳು.

"ಕಣ್ಣು ಹಿಡಿದೆ," ಎಂದಳು ಮಗಳು.

ತಾಯಿ ಕಣ್ಣು ಮುಚ್ಚಿದಳು. ಅದನ್ನು ಕಂಡು ಪಕ್ಕದ ತಾಯಿ ತನ್ನ ಮಗುವಿಗೆ ಕಣ್ಣು ಕೊಟ್ಟಳು, ಅವಳ ಪಕ್ಕದವಳು ತನ್ನ ಮಗುವಿಗೆ. ಕಣ್ಣು ಕೊಟ್ಟೆ, ಕಣ್ಣು ಹಿಡಿದೆ. ಮಾತು ಇನ್ನೂ ನೆಟ್ಟಗೆ ಬಾರದ ಒಂದು ಕೂಸು ಕೂಡ ಗಂಭೀರವಾಗಿ "ಇಡಿದೆ" ಎಂದಿತು. ನೆಲದಮ್ಮ ಹೊಂಗೆಯ ಬುಡಕ್ಕೆ ಹಣೆಯಾನಿಸಿ ಎಣಿಸತೊಡಗಿದಳು. ಗಾಲಿಗಳ ಸದ್ದು, ಪಾದಗಳ ಸದ್ದು, ಒಂದು ಕಿಸಕ್ ನಗು, ಆಮೇಲೆ ಬರಿ ಗಾಳಿ. ನೂರು ಎಣಿಸುವಷ್ಟರಲ್ಲಿ ಅವಳ ಬೆನ್ನು ಒದ್ದೆಯಾಗಿತ್ತು.

ಕಣ್ಣು ತೆರೆದರೆ ಬಯಲಲ್ಲಿ ಒಂದು ಮಗುವೂ ಇರಲಿಲ್ಲ. ದಿಬ್ಬವಿತ್ತು, ಬಳ್ಳಿಯಿತ್ತು, ಬಾಗಿದ ದಾರಿಯಿತ್ತು. ತಾಯಂದಿರು ಒಬ್ಬರ ಕೈ ಒಬ್ಬರು ಬಿಗಿಯಾಗಿ ಹಿಡಿದುಕೊಂಡರು.

ನೆಲದಮ್ಮ ಹುಡುಕಲು ಹೊರಟಳು. ಕುಂಬಳದ ಸುರಂಗದಲ್ಲಿ ಇಬ್ಬರು ಸಿಕ್ಕರು. ಜೋಳದ ಸಾಲಿನಲ್ಲಿ ನಾಲ್ವರು, ನಗು ತಡೆಯಲಾರದೆ ಸಿಕ್ಕಿಬಿದ್ದರು. ಸಿಕ್ಕವರು ಕಣ್ಣು ವಾಪಸ್ ಕೊಟ್ಟು ತಾಯಿಯ ಮಡಿಲು ಸೇರಿದರು. ಹನ್ನೊಂದು ಮರೆಗಳೂ ಬರಿದಾದವು, ಹತ್ತೊಂಬತ್ತು ಮಕ್ಕಳು ಬಂದರು. ಟೋಪಿ ಹುಡುಗಿ ಬರಲಿಲ್ಲ. ಮತ್ತೆ ಹನ್ನೊಂದನ್ನೂ ನೋಡಿದರು. ಯಜಮಾನರು ಮಂಡಿಯೂರಿ ಸುರಂಗದಲ್ಲಿ ತೂರಿ ಸಿಕ್ಕಿಕೊಂಡು, ಅವರನ್ನು ಕಾಲು ಹಿಡಿದು ಎಳೆಯಬೇಕಾಯಿತು. ಹೊತ್ತು ಏರಿತು. ತಾಯಿ ಬಯಲಿನ ನಡುವೆ ನಿಂತು ಸುತ್ತಲೂ ತಿರುಗಿದಳು. ನೆಲದಮ್ಮನಿಗೆ ಆಕಾಶದಲ್ಲಿ ಒಂದು ಹಳದಿ ಚುಕ್ಕೆ ಬಳುಕಿದಂತೆ ಕಂಡಿತು.

ಆಗ ಎಲ್ಲಿಂದಲೋ ಒಂದು ದನಿ ಬಂತು.

"ಅಮ್ಮಾ, ತಲೆ ಮೇಲೆ ಎಲೆ ಬಿದ್ದಿದೆ, ತೆಗಿ!"

ತಾಯಿ ಕೈಯೆತ್ತಿ ತಲೆ ಮುಟ್ಟಿಕೊಂಡಳು. ನಿಜವಾಗಿಯೂ ಹೊಂಗೆಯ ಎಲೆಯೊಂದು ಕೂದಲಿಗೆ ಸಿಕ್ಕಿಕೊಂಡಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಅವಳು ನೆಲಕ್ಕೆ ಕುಸಿದು ಕುಳಿತು ನಗತೊಡಗಿದಳು. ಮೂರು ವರ್ಷದ ನಗುವೆಲ್ಲ ಒಟ್ಟಿಗೆ ಬಂದು ಅವಳಿಗೆ ಬಿಕ್ಕಳಿಕೆ ಹತ್ತಿತು.

ಸ್ವಲ್ಪ ಹೊತ್ತಿಗೆ ಹುಡುಗಿ ಎಲ್ಲರ ಬೆನ್ನ ಹಿಂದಿನಿಂದ ನಡೆದು ಬಂದಳು. ಮೊಣಕಾಲಿಗೆ ಮಣ್ಣು ಮೆತ್ತಿತ್ತು.

"ಎಲ್ಲಿದ್ಯೇ ಮಾರಾಯ್ತಿ?" ಎಂದಳು ನೆಲದಮ್ಮ.

"ಹೇಳಲ್ಲ. ಅಲ್ಲಿಂದ ಎಲ್ಲ ಕಾಣುತ್ತೆ ಅಜ್ಜಿ. ನೀನು ಜೋಳದ ಹಿಂದೆ ಕಣ್ಣೊರೆಸ್ಕೊಂಡಿದ್ದೂ ಕಾಣಿಸ್ತು." ಆಮೇಲೆ ತಾಯಿಯ ಕಡೆ ತಿರುಗಿದಳು. "ಹಸಿವಾಗ್ತಿದೆ ಅಮ್ಮಾ."

"ಮೊದ್ಲು ಕಣ್ಣು ಕೊಡು ಇಲ್ಲಿ."

"ಕೊಡಲ್ಲ. ಹಿಡಿದೋರಿಗಷ್ಟೇ ವಾಪಸ್ ಕೊಡೋದು. ನನ್ನ ಯಾರೂ ಹಿಡೀಲಿಲ್ಲ."

ಒಂದು ಬಟ್ಟಲು ಮೊಸರನ್ನ ತಿಂದಳು, ಇನ್ನರ್ಧ ಬಟ್ಟಲು ಹಾಕಿಸಿಕೊಂಡಳು. ಕಣ್ಣು ಮಾತ್ರ ಕೊಡಲಿಲ್ಲ. ಶಿಬಿರ ಮುಗಿಯುವವರೆಗೂ ದಿನಾ ಆಟವಾಯಿತು, ಒಂದು ದಿನವೂ ಅವಳು ಸಿಗಲಿಲ್ಲ. ಎಲ್ಲಿಂದಲೋ ಅಮ್ಮನ ಜಾರಿದ ಸೆರಗನ್ನು, ಅಮ್ಮನ ಆಕಳಿಕೆಯನ್ನು, ಅಮ್ಮ ಕದ್ದು ತಿಂದ ಬೆಲ್ಲದ ಚೂರನ್ನು ಕೂಗಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ತಾಯಂದಿರು ಕಟ್ಟೆಯ ಮೇಲೆ ಮಧ್ಯಾಹ್ನಗಳಲ್ಲಿ ಬಾಯಿ ತೆರೆದು ನಿದ್ದೆ ಹೋದರು. ಅವರ ಕಣ್ಣಿನ ಕೆಂಪು ಮೆಲ್ಲನೆ ಇಳಿಯಿತು.

ಮಳೆ ಬಂತು, ಹೋಯಿತು. ಅವರೆಕಾಯಿಯ ಕಾಲ ಬಂತು, ಹೋಯಿತು. ಮತ್ತೆ ಬೇಸಿಗೆಯಾದಾಗ ಮಕ್ಕಳು ಬಯಲಿಗೆ ಬಂದರು. ಟೋಪಿ ಹುಡುಗಿಯ ತಾಯಿ ಒಬ್ಬಳೇ ಬಂದಳು.

ನೆಲದಮ್ಮ ಅವಳ ಪಕ್ಕ ಹೊಂಗೆಯ ಕಟ್ಟೆಯ ಮೇಲೆ ಕುಳಿತಳು.

"ಅವಳು ಹೋಗೋವಾಗ ನಾನು ನಿದ್ದೆ ಹೋಗಿದ್ದೆ ಅಮ್ಮಾ," ಎಂದಳು ತಾಯಿ. "ಅವಳ ಹೊಟ್ಟೆ ಮೇಲೆ ಕೈಯಿಟ್ಕೊಂಡು. ಊರೋರು ಕೇಳಿದ್ರು, ಕಣ್ಣು ಯಾಕೆ ಬಿಟ್ಟೆ ಅಂತ. ನಾನೆಲ್ಲಿ ಬಿಟ್ಟೆ? ಕಣ್ಣು ಅವಳ ಹತ್ರಾನೇ ಇತ್ತಲ್ಲ."

ನೆಲದಮ್ಮ ಬಾಯಿ ತೆರೆದಳು. ಅರವತ್ತು ವರ್ಷ ಯಾರಿಗೂ ಹೇಳದ ಮಾತು ತಾನಾಗಿ ಹೊರಬಂತು. "ನನ್ನ ತಮ್ಮ ಹೋಗೋವಾಗ ನಾನು ಗಾಳಿಪಟ ನೋಡ್ತಿದ್ದೆ."

ತಾಯಿ ಅವಳ ಕೈ ಹಿಡಿದುಕೊಂಡಳು. "ಅವನು ನಿಮ್ಮನ್ನ ನೋಡ್ತಿದ್ದಿರಬೇಕು," ಎಂದಳು. "ಗಾಳಿಪಟ ನೋಡೋ ಅಕ್ಕನ್ನ."

ಮುದುಕಿ ಆ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ. ದಿಬ್ಬದಾಚೆ ಯಾರೋ ಎಣಿಸುತ್ತಿದ್ದರು, ಮಕ್ಕಳು ಓಡಿ ಅಡಗುತ್ತಿದ್ದರು.

"ಅವಳು ಅಡಗ್ತಿದ್ದ ಜಾಗ ಯಾವುದು ಅಂತ ನಂಗೂ ಗೊತ್ತಿಲ್ಲ ತಾಯಿ," ಎಂದಳು ನೆಲದಮ್ಮ. "ನಾನು ಮಾಡಿದ ಹನ್ನೊಂದರಲ್ಲಿ ಅದಿಲ್ಲ. ಹನ್ನೆರಡನೇದು ಅವಳೇ ಮಾಡ್ಕೊಂಡಿದ್ದು. ಬೇಕಾದ್ರೆ ಬಯಲೆಲ್ಲ ಜಾಲಾಡಿ ಹುಡುಕಿಕೊಡ್ತೀನಿ."

"ಬೇಡ," ಎಂದಳು ತಾಯಿ ಥಟ್ಟನೆ. "ಹುಡುಕ್ಬೇಡಿ. ಸಿಕ್ಕಿಬಿಟ್ರೆ ಆಟ ಮುಗಿದುಹೋಗುತ್ತೆ."

ಗಾಳಿ ಬೀಸಿತು. ಹೊಂಗೆಯಿಂದ ಒಂದು ಎಲೆ ತಿರುಗುತ್ತಾ ಇಳಿದು ತಾಯಿಯ ಕೂದಲ ಮೇಲೆ ಕುಳಿತಿತು. ಅವಳು ತಲೆಯೆತ್ತಲಿಲ್ಲ, ಅತ್ತಿತ್ತ ನೋಡಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಸೆರಗು ಸರಿಪಡಿಸಿಕೊಂಡಳು.

"ಗೊತ್ತಾಯ್ತು ಕಣೇ," ಎಂದಳು ಬಯಲಿಗೆ. "ತೆಗೀತೀನಿ."